ಕರೆ

ಕ್ರೈಸ್ತರ ಮನೆಗಳಲ್ಲಿ ‘ಅವನಿಗೆ ದೈವಕರೆ ಬಂದಿದೆ’ ಎಂದರೆ ಹುಡುಗ ಪಾದ್ರಿಯಾಗಲು ಹೊರಟಿದ್ದಾನೆ ಎಂದೇ ಅರ್ಥ. ಇಷ್ಟು ದೊಡ್ಡ ಪದವನ್ನು ಅಷ್ಟಕ್ಕೇ ಕಟ್ಟಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಹಳಗನ್ನಡದ ‘ಕರೆ’ಗೆ ದನಿಮಾಡು, ಕೂಗು ಎಂಬ ಅರ್ಥಗಳೂ ಇದ್ದವು. ತಮಿಳಿನ ‘ಕರೈ’ ಕಾಗೆಯ ಕೂಗಿಗೂ ಸಲ್ಲುತ್ತದೆ. ಹಾಲು ಕರೆಯುವುದು ಬೇರೆ ಧಾತು, ‘ಕಱೆ’. ಱಕಾರ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ಈಗ ಬಂದ್‌ಗೂ ಕರೆ, ಮೊಬೈಲಿಗೂ ಕರೆ.

ಗ್ರೀಕಿನಲ್ಲಿ ಕರೆಯುವುದಕ್ಕೆ ‘ಕಲೇಓ’. ಅದರಿಂದ ‘ಎಕ್ಲೇಸಿಯಾ’, ಕರೆಸಿಕೊಂಡವರ ಸಭೆ. ಅದೇ ಲ್ಯಾಟಿನ್ ಹಾದು ಪೋರ್ಚುಗೀಸರ ‘ಇಗ್ರೇಜ’ ಆಗಿ, ನಮ್ಮ ಕರಾವಳಿಗೆ ಬಂದು ‘ಇಗರ್ಜಿ’ಯಾಯಿತು. ಪೌಲನು ಪತ್ರ ಬರೆದಾಗ ಕೊರಿಂಥದ ವಿಶ್ವಾಸಿಗಳೆಲ್ಲ, ಗುಲಾಮರೂ ಸೇರಿ, ಕರೆಸಿಕೊಂಡವರೇ. ಲೂಥರನಿಂದೀಚೆಗೆ ಜರ್ಮನ್ನಿನ ‘ಬೆರೂಫ್’ ದೇವರ ಕರೆಗಷ್ಟೇ ನಿಲ್ಲದೆ ದಿನದ ಉದ್ಯೋಗಕ್ಕೂ ಸಂದಿತು. ಪಾವಿತ್ರ್ಯದ ಕರೆ ಎಲ್ಲರಿಗೂ ಇದೆ ಎಂದು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಾರಿತು.

ಕರೆಗೆ ಒಪ್ಪುವ ಕ್ರಿಯಾಪದ ‘ಓಗೊಡು’: ಕೂಗಿದಾಗ ‘ಓ’ ಎಂದು ಉತ್ತರ ಕೊಡುವುದು. ಹಾಸಿಗೆ ಹಿಡಿದ ಅತ್ತೆಗೆ ಚಮಚದಲ್ಲಿ ಗಂಜಿ ಕುಡಿಸುವ ಸೊಸೆ, ತೂಕದಲ್ಲಿ ಮೋಸ ಮಾಡದ ಮೀನು ಮಾರುವಾಕೆ ದೈವಕರೆಗೆ ಓಗೊಟ್ಟಿದ್ದಾರೆ ಎಂದು ಬರೆದರೆ ಪದಕ್ಕೆ ಯಾವ ಅಪಚಾರವೂ ಆಗದು.