ಊರನ್ನು ಕಳೆದುಕೊಂಡ ಹೆಸರು: ಬ್ರಿಟನ್ನಿನ ಚೀಸ್‌ನಾಮಗಳಲ್ಲಿ ಸ್ಥಳವಾಚಕದ ಅರ್ಥಪಲ್ಲಟ

1. ಪ್ರಸ್ತಾವನೆ

ಬ್ರಿಟನ್ನಿನ ಹಳೆಯ ಚೀಸ್ ಬಗೆಗಳಲ್ಲಿ ಹೆಚ್ಚಿನವು ಸ್ಥಳನಾಮಗಳನ್ನೇ ಹೊತ್ತಿವೆ. ಚೆಷೈರ್, ಲ್ಯಾಂಕಷೈರ್ ಕೌಂಟಿಗಳ ಹೆಸರುಗಳು. ವೆನ್ಸ್ಲಿಡೇಲ್ ಯಾರ್ಕ್‌ಷೈರಿನ ಒಂದು ಕಣಿವೆ. ಕೇರ್ಫಿಲಿ ವೇಲ್ಸ್‌ನ ಒಂದು ಪಟ್ಟಣ. ಚೆಡ್ಡಾರ್ ಮತ್ತು ಸ್ಟಿಲ್ಟನ್ ಇಂಗ್ಲೆಂಡಿನ ಎರಡು ಹಳ್ಳಿಗಳು. ಈ ಹೆಸರುಗಳು ಆಯಾ ಪದಾರ್ಥ ತಯಾರಾದ ಊರನ್ನು ಸೂಚಿಸುತ್ತವೆ ಎಂಬುದು ಸಾಮಾನ್ಯ ಗ್ರಹಿಕೆ. ಭೌಗೋಳಿಕ ಸೂಚಕಗಳನ್ನು ರಕ್ಷಿಸುವ ಕಾನೂನೂ ಹೆಸರು ಮತ್ತು ನೆಲದ ನಡುವಿನ ನಂಟನ್ನೇ ನೆಚ್ಚಿಕೊಂಡಿದೆ. ಆದರೆ ಈ ಪದಗಳ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ಸ್ಥಳನಾಮವು ಚೀಸಿನ ಹೆಸರಾದ ಮೇಲೆ ಅದರ ಅರ್ಥವನ್ನು ಊರು ನಿರ್ಧರಿಸುವುದಿಲ್ಲ. ಮಾರುಕಟ್ಟೆ, ತಯಾರಿಕೆಯ ವಿಧಾನ ಮತ್ತು ಕಾನೂನು ನಿರ್ಧರಿಸುತ್ತವೆ ಎಂಬುದನ್ನು ನಾವು ಇಲ್ಲಿ ಕೆಲವು ನಿದರ್ಶನಗಳ ಮೂಲಕ ತೋರಿಸಲು ಯತ್ನಿಸಿದ್ದೇವೆ.

ವ್ಯಾಕರಣದ ದೃಷ್ಟಿಯಿಂದ ಈ ಪಲ್ಲಟ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ‘ಚೆಡ್ಡಾರ್ ಚೀಸ್’ ಎಂಬಲ್ಲಿ ಸ್ಥಳನಾಮವು ವಿಶೇಷಣವಾಗಿ ನಿಲ್ಲುತ್ತದೆ. ಅನಂತರ ವಿಶೇಷ್ಯ ಲೋಪವಾಗಿ ‘ಚೆಡ್ಡಾರ್’ ಎಂಬುದೊಂದೇ ಪದಾರ್ಥವಾಚಕವಾಗುತ್ತದೆ. ನಮ್ಮ ವ್ಯಾಕರಣ ಪರಂಪರೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಅಂಕಿತನಾಮವು ರೂಢನಾಮವಾಗುತ್ತದೆ. ಈ ಎರಡನೆಯ ಹಂತವನ್ನು ಎಲ್ಲ ಹೆಸರುಗಳೂ ಸಮನಾಗಿ ದಾಟಿಲ್ಲ.

2. ಸ್ಟಿಲ್ಟನ್: ಮಾರಾಟದ ಊರು

ಸ್ಟಿಲ್ಟನ್ ಹಳ್ಳಿ ಇಂದು ಕೇಂಬ್ರಿಡ್ಜ್‌ಷೈರಿನಲ್ಲಿದೆ. ಹಿಂದೆ ಹಂಟಿಂಗ್‌ಡನ್‌ಷೈರಿಗೆ ಸೇರಿತ್ತು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಅದು ಕುದುರೆಗಾಡಿಗಳು ತಂಗುವ ಠಾಣೆಯಾಗಿತ್ತು. 18ನೆಯ ಶತಮಾನದಲ್ಲಿ ಅಲ್ಲಿನ ಬೆಲ್ ಇನ್ ಎಂಬ ವಸತಿಗೃಹದ ಒಡೆಯ ಕೂಪರ್ ಥಾರ್ನ್‌ಹಿಲ್ ನೀಲಿ ಗೆರೆಗಳ ಚೀಸನ್ನು ಪ್ರಯಾಣಿಕರಿಗೆ ಮಾರಿ ಪ್ರಸಿದ್ಧಿಗೆ ತಂದನು. ಲೀಸ್ಟರ್‌ಷೈರಿನ ಮನೆಗಳಲ್ಲಿ ತಯಾರಾದ ಚೀಸ್ ಅವನಿಗೆ ಸರಬರಾಜಾಗುತ್ತಿತ್ತು. ಕೊಂಡವರು ಅದನ್ನು ಕೊಂಡ ಊರಿನ ಹೆಸರಿನಿಂದಲೇ ಕರೆದರು. 1724 ಮತ್ತು 1727ರ ನಡುವೆ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಡೇನಿಯಲ್ ಡಿಫೋ ಇದನ್ನು ಇಂಗ್ಲೆಂಡಿನ ಪಾರ್ಮೆಸಾನ್ ಎಂದು ಬಣ್ಣಿಸಿದ್ದಾನೆ. ಒಂದು ಸ್ಥಳನಾಮವನ್ನು ವಿವರಿಸಲು ಇನ್ನೊಂದು ಸ್ಥಳನಾಮ ಬಂದಿರುವುದು ಗಮನಾರ್ಹ. ಇಟಲಿಯ ಪಾರ್ಮಾ ನಗರದಿಂದ ಹುಟ್ಟಿದ ಆ ಮಾತು ಅಷ್ಟರಲ್ಲೇ ಇಂಗ್ಲಿಷಿನಲ್ಲಿ ಊರನ್ನು ಬಿಟ್ಟು ಗುಣವನ್ನು ಸೂಚಿಸತೊಡಗಿತ್ತು.

18ನೆಯ ಶತಮಾನದಲ್ಲಿ ಸ್ಟಿಲ್ಟನ್ ಹಳ್ಳಿಯಲ್ಲಿಯೂ ಚೀಸ್ ತಯಾರಾಗುತ್ತಿತ್ತೇ ಎಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಕಾನೂನು ಮಾತ್ರ ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಇತ್ಯರ್ಥಗೊಳಿಸಿತು. 1966ರಲ್ಲಿ ತಯಾರಕರ ಸಂಘಕ್ಕೆ ಪ್ರಮಾಣೀಕರಣದ ಮುದ್ರೆ ದೊರೆಯಿತು. 1996ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಿತ ಮೂಲನಾಮದ ಮಾನ್ಯತೆ ಬಂದಿತು. ಅದರಂತೆ ಡರ್ಬಿಷೈರ್, ಲೀಸ್ಟರ್‌ಷೈರ್, ನಾಟಿಂಗ್‌ಹ್ಯಾಮ್‌ಷೈರ್ ಈ ಮೂರು ಕೌಂಟಿಗಳಲ್ಲಿ, ಪಾಶ್ಚೀಕರಿಸಿದ ಹಾಲಿನಿಂದ ತಯಾರಾದುದಷ್ಟೇ ಸ್ಟಿಲ್ಟನ್. ಸ್ಟಿಲ್ಟನ್ ಹಳ್ಳಿ ಈ ಮೂರು ಕೌಂಟಿಗಳ ಹೊರಗಿದೆ. ತಮ್ಮ ಹಳ್ಳಿಯನ್ನೂ ಈ ವಲಯದಲ್ಲಿ ಸೇರಿಸಬೇಕೆಂಬ ಮನವಿ 2013ರಲ್ಲಿ ತಿರಸ್ಕೃತವಾಯಿತು. ಹೀಗಾಗಿ ಸ್ಟಿಲ್ಟನ್ನಿನಲ್ಲಿ ಚೀಸ್ ಮಾಡಿದವರು ಅದನ್ನು ತಮ್ಮ ಊರಿನ ಹೆಸರಿನಿಂದ ಮಾರುವಂತಿಲ್ಲ. ಸ್ಥಳನಾಮವೆಂದು ರಕ್ಷಣೆ ಪಡೆದ ಪದವು ಆ ಸ್ಥಳವನ್ನೇ ಹೊರಗಿಟ್ಟಿದೆ.

3. ಚೆಡ್ಡಾರ್: ವಿಧಾನವಾದ ಊರು

ಚೆಡ್ಡಾರ್ ಸಾಮರ್ಸೆಟ್ ಕೌಂಟಿಯ ಹಳ್ಳಿ. ಕಡಿದಾದ ಕಮರಿಗೂ ಗುಹೆಗಳಿಗೂ ಅದು ಪ್ರಸಿದ್ಧವಾಗಿದೆ. 9ನೆಯ ಶತಮಾನದ ಆಲ್ಫ್ರೆಡ್ ದೊರೆಯ ಮರಣಶಾಸನದಲ್ಲಿಯೇ ಊರಿನ ಹೆಸರು ಕಾಣುತ್ತದೆ. ಚೀಲ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ, ಕಮರಿಯ ಆಕಾರವನ್ನು ಸೂಚಿಸಿ, ಈ ಹೆಸರು ಬಂದಿರಬೇಕೆಂದು ಸ್ಥಳನಾಮ ತಜ್ಞರು ಊಹಿಸುತ್ತಾರೆ. ಅನ್ವರ್ಥವಾಗಿ ಹುಟ್ಟಿದ್ದು ಅಂಕಿತವಾಯಿತು. ಅಂಕಿತವು ಚೀಸಿನ ಮೂಲಕ ರೂಢವಾಯಿತು.

19ನೆಯ ಶತಮಾನದಲ್ಲಿ ಸಾಮರ್ಸೆಟ್ಟಿನ ಜೋಸೆಫ್ ಹಾರ್ಡಿಂಗ್ ಚೆಡ್ಡಾರ್ ತಯಾರಿಕೆಯ ಕ್ರಮವನ್ನು ವ್ಯವಸ್ಥಿತಗೊಳಿಸಿ, ಅದನ್ನು ಇತರರಿಗೂ ಕಲಿಸಿದನು. ಕಲಿಸಬಹುದಾದ ಕ್ರಮಕ್ಕೆ ಊರಿನ ಗಡಿ ಇರುವುದಿಲ್ಲ. ಒಡೆದು ಗಟ್ಟಿಯಾದ ಹಾಲನ್ನು ಹಲಗೆಗಳಂತೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಆಗಾಗ ಮಗುಚಿ ನೀರಿಳಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಚೆಡ್ಡರಿಂಗ್’ ಎಂದೇ ಹೆಸರು. ಊರಿನ ಹೆಸರು ಇಲ್ಲಿ ಧಾತುವಾಗಿ ನಿಂತು ಕ್ರಿಯೆಯನ್ನು ಸೂಚಿಸುತ್ತದೆ. ಇದು ಪದವರ್ಗವನ್ನೇ ಬದಲಿಸಿದ ಅರ್ಥಪಲ್ಲಟ. ವಲಸೆಗಾರರೊಡನೆ ಈ ವಿಧಾನ ಉತ್ತರ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ಹಬ್ಬಿತು. 1966ರಲ್ಲಿ ಅಂತಾರಾಷ್ಟ್ರೀಯ ಆಹಾರ ಸಂಹಿತೆಯು ಚೆಡ್ಡಾರಿಗೆ ಮಾನದಂಡವನ್ನು ರೂಪಿಸಿದಾಗ ಅದಕ್ಕೆ ಊರಿನ ಕಟ್ಟಳೆ ಇರಲಿಲ್ಲ.

ಇಂಗ್ಲಿಷ್ ಬರವಣಿಗೆಯೂ ಈ ಅಂತರಕ್ಕೆ ಸಾಕ್ಷಿ. ಚೆಡ್ಡಾರ್ ಚೀಸನ್ನು ಅನೇಕರು ಚಿಕ್ಕಕ್ಷರದಿಂದ ಆರಂಭಿಸುತ್ತಾರೆ. ಸ್ಟಿಲ್ಟನ್ ಸಾಮಾನ್ಯವಾಗಿ ದೊಡ್ಡಕ್ಷರವನ್ನು ಉಳಿಸಿಕೊಂಡಿದೆ. ಕನ್ನಡ ಲಿಪಿಯಲ್ಲಿ ಇಂಥ ಭೇದವಿಲ್ಲದ ಕಾರಣ, ನಮ್ಮ ಭಾಷೆಗೆ ಬಂದ ‘ಚೆಡ್ಡಾರ್’ ಎಂಬ ಎರವಲು ಪದದಲ್ಲಿ ಊರಿನ ಸುಳಿವು ಕೊಡುವ ಲಿಪಿಚಿಹ್ನೆಯೂ ಇಲ್ಲ.

4. ಮರಳಿ ಸೇರಿಸಿದ ವಿಶೇಷಣ

ಅರ್ಥ ಸವೆದುದಕ್ಕೆ ಬಲವಾದ ಸಾಕ್ಷ್ಯ ಈ ಹೆಸರುಗಳಿಗೆ ಅನಂತರ ಅಂಟಿದ ವಿಶೇಷಣಗಳಲ್ಲಿದೆ. ವೆನ್ಸ್ಲಿಡೇಲ್ ಕಣಿವೆ ಇರುವುದೇ ಯಾರ್ಕ್‌ಷೈರಿನಲ್ಲಿ. ಆದರೂ 2013ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ಪಡೆದ ಹೆಸರು ‘ಯಾರ್ಕ್‌ಷೈರ್ ವೆನ್ಸ್ಲಿಡೇಲ್’. ‘ವೆನ್ಸ್ಲಿಡೇಲ್’ ಇನ್ನೂ ಸ್ಥಳವನ್ನು ಸೂಚಿಸುತ್ತಿದ್ದರೆ ‘ಯಾರ್ಕ್‌ಷೈರ್’ ಎಂಬುದು ಪುನರುಕ್ತಿಯಾಗುತ್ತಿತ್ತು. ಅದು ಪುನರುಕ್ತಿಯಾಗದಿರುವುದೇ ಮೊದಲಿನ ಪದ ರೂಢನಾಮವಾಗಿದೆ ಎಂಬುದಕ್ಕೆ ಪ್ರಮಾಣ. ತಯಾರಿಕೆ ಸಾಮರ್ಸೆಟ್ಟಿಗೂ ಹರಡಿದ್ದ ಕೇರ್ಫಿಲಿಗೆ 2018ರಲ್ಲಿ ದೊರೆತ ರಕ್ಷಿತ ನಾಮದಲ್ಲಿ ‘ಸಾಂಪ್ರದಾಯಿಕ’, ‘ವೆಲ್ಷ್’ ಎಂಬ ಎರಡು ವಿಶೇಷಣಗಳಿವೆ. ಚೆಡ್ಡಾರಿನ ವಿಷಯದಲ್ಲಿಯೂ ‘ವೆಸ್ಟ್ ಕಂಟ್ರಿ ಫಾರ್ಮ್‌ಹೌಸ್’ ಎಂಬ ವಿಶೇಷಣ ಸೇರಿದ ಮೇಲೆಯೇ ಮೂಲನಾಮದ ರಕ್ಷಣೆ ಸಾಧ್ಯವಾಯಿತು.

ವಿಶೇಷಣ ಸ್ಥಳವಾಚಕವೇ ಆಗಬೇಕೆಂದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಣ್ಣದ ಬಳಕೆಗೆ ನಿರ್ಬಂಧವಿದ್ದುದರಿಂದ ಲೀಸ್ಟರ್ ಚೀಸ್ ಬಿಳಿಚಾಗಿ ಬಂದಿತು. ಬಣ್ಣ ಮರಳಿದಾಗ ಯುದ್ಧಕಾಲದ ಸರಕಿನಿಂದ ಬೇರ್ಪಡಿಸಲು ‘ರೆಡ್ ಲೀಸ್ಟರ್’ ಎಂಬ ಹೆಸರು ನೆಲೆಗೊಂಡಿತು. ಕಳೆದುಹೋದ ಗುಣವನ್ನು ವಿಶೇಷಣ ಮರಳಿ ಹೇಳಬೇಕಾಯಿತು.

5. ಸಮಾರೋಪ

2006ರಲ್ಲಿ ಜೋ ಷ್ನೈಡರ್ ಮತ್ತು ರ್‍ಯಾಂಡಾಲ್ಫ್ ಹಾಡ್ಜ್‌ಸನ್ ನಾಟಿಂಗ್‌ಹ್ಯಾಮ್‌ಷೈರಿನಲ್ಲಿ ಪಾಶ್ಚೀಕರಿಸದ ಹಾಲಿನಿಂದ ಸ್ಟಿಲ್ಟನ್ನಿನ ಮಾದರಿಯ ಚೀಸನ್ನು ತಯಾರಿಸತೊಡಗಿದರು. ರಕ್ಷಿತ ಹೆಸರನ್ನು ಬಳಸುವಂತಿರಲಿಲ್ಲವಾದ್ದರಿಂದ ಹಳ್ಳಿಯ ಹೆಸರಿನ ಮಧ್ಯಯುಗದ ರೂಪಕ್ಕೆ ಮೊರೆಹೋಗಿ ‘ಸ್ಟಿಚೆಲ್ಟನ್’ ಎಂದು ಕರೆದರು. ವ್ಯುತ್ಪತ್ತಿಯ ದೃಷ್ಟಿಯಿಂದ ಎರಡೂ ಒಂದೇ ಪದ. ಕಾನೂನಿನ ದೃಷ್ಟಿಯಿಂದ ಬೇರೆ ಬೇರೆ.

ಕಾನೂನು ರಕ್ಷಿಸುವುದು ಪದದ ಮೂಲಾರ್ಥವನ್ನಲ್ಲ, ನೋಂದಣಿಯ ಕ್ಷಣದಲ್ಲಿ ತಯಾರಕರು ಅದಕ್ಕೆ ಕೊಟ್ಟ ಅರ್ಥವನ್ನು ಎಂಬುದು ಈ ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ. ಅರ್ಥಪಲ್ಲಟವನ್ನು ಅದು ಒಂದು ಹಂತದಲ್ಲಿ ತಡೆದು ನಿಲ್ಲಿಸುತ್ತದೆ. ತಡ ಮಾಡಿದಲ್ಲಿ, ಚೆಡ್ಡಾರಿನಲ್ಲಿ ಆದಂತೆ, ಉಳಿಯುವುದು ವಿಶೇಷಣ ಮಾತ್ರ. ಆದ್ದರಿಂದ ಸ್ಥಳಸೂಚಕ ಸರಕುನಾಮಗಳ ಅಧ್ಯಯನದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಹೆಸರು ಯಾವ ಊರಿನದು ಎಂಬುದಷ್ಟೇ ಅಲ್ಲ. ಆ ಊರಿನ ಹೆಸರನ್ನು ಯಾರು, ಎಲ್ಲಿ ನಿಂತು ಕರೆದರು ಎಂಬುದೂ ಹೌದು. ಸ್ಟಿಲ್ಟನ್ನಿನಲ್ಲಿ ಹಾಗೆ ಕರೆದವರು ದಾರಿಹೋಕರು. ಆ ಕರೆಯ ಹಕ್ಕು ದಕ್ಕಿದ್ದು ತಯಾರಕರಿಗೆ. ಹಳ್ಳಿಗೆ ಉಳಿದದ್ದು ತನ್ನ ಹೆಸರಿನ ಕೀರ್ತಿ ಮಾತ್ರ.