ತಲೆಯ ಮೇಲಿನ ಚಿತ್ರ: ಹೆಲ್ಮೆಟ್‌ಗೆ ಬಣ್ಣ ಬಂದ ಕಥೆ

ಇವತ್ತಿನ ಸಂಚಿಕೆ ಹೆಲ್ಮೆಟ್ ಬಗ್ಗೆ. ‘ಹಾಕ್ಕೊಳ್ಳಿ’ ಅಂತ ಬುದ್ಧಿ ಹೇಳೋಕಲ್ಲ, ಆ ಕೆಲಸವನ್ನು ಟ್ರಾಫಿಕ್ ಪೊಲೀಸರು ದಿನಾ ಮಾಡ್ತಾರೆ. ಹೆಲ್ಮೆಟ್ ಮೇಲೆ ನಾವು ಬರೆಸುವ ಚಿತ್ರ, ಬಳಿಸುವ ಬಣ್ಣ, ಅಂಟಿಸುವ ಸ್ಟಿಕ್ಕರ್‌ಗಳಿಗೂ ಒಂದು ಇತಿಹಾಸ ಇದೆ. ಅದನ್ನೇ ಇವತ್ತು ನೋಡೋಣ.

ಮೊದಲು ನನ್ನದೇ ಒಂದು ಕಥೆ. ಮೈಸೂರಿನಲ್ಲಿ ಕಾಲೇಜು ಓದುವಾಗ ಅಪ್ಪ ಒಂದು ಕಪ್ಪು ಹೆಲ್ಮೆಟ್ ಕೊಡಿಸಿದ್ರು. ಕಾಲೇಜಿನ ಸ್ಟ್ಯಾಂಡ್‌ನಲ್ಲಿ ನಿಂತ ಅರ್ಧದಷ್ಟು ಗಾಡಿಗಳ ಮೇಲೂ ಅಂಥದ್ದೇ ಕಪ್ಪು ಹೆಲ್ಮೆಟ್. ನನ್ನದು ಬೇರೆ ಕಾಣಬೇಕಲ್ಲ? ನಂಬರ್ ಪ್ಲೇಟ್ ಬರೆಯುವವರೊಬ್ಬರ ಹತ್ತಿರ ಹೋಗಿ ಎರಡೂ ಬದಿಗೆ ಬೆಂಕಿಯ ಜ್ವಾಲೆ ಬರೆಸಿದೆ. ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಅವರು ಮೊದಲು ಥಿನ್ನರ್ ಹಾಕಿ ತಿಕ್ಕಿ ಒರೆಸಿದ್ರು. ಕೆಲವು ತಿಂಗಳ ಮೇಲೆ ಜ್ವಾಲೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿದವು. ಬಣ್ಣ ಬಿರುಕು ಬಿಟ್ಟಿದೆ ಅಂದುಕೊಂಡೆ. ಬಿರುಕು ಬಿಟ್ಟಿದ್ದು ಬಣ್ಣ ಅಲ್ಲ, ಚಿಪ್ಪು. ಯಾಕೆ ಹಾಗಾಯ್ತು ಅನ್ನೋದಕ್ಕೆ ಆಮೇಲೆ ಬರ್ತೀನಿ.

ಈಗ 1914ಕ್ಕೆ ಹೋಗೋಣ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಎರಿಕ್ ಗಾರ್ಡ್ನರ್ ಎಂಬ ವೈದ್ಯರಿದ್ದರು. ಬೈಕ್ ಸವಾರರ ಒಡೆದ ತಲೆಗಳನ್ನು ನೋಡಿ ನೋಡಿ ಬೇಸತ್ತ ಅವರು ಕ್ಯಾನ್‌ವಾಸ್ ಬಟ್ಟೆಗೆ ಅರಗಿನ ಲೇಪ ಕೊಟ್ಟು ಗಟ್ಟಿಯಾದ ಟೋಪಿ ಮಾಡಿಸಿದರು. ಅರಗು ಅಂದ್ರೆ, ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅದೇ ವಸ್ತು. ಆ ವರ್ಷ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಸವಾರರು ಗೊಣಗಿದರು. ಆದರೂ ಹಾಕಿಕೊಂಡರು.

ರೇಸ್ ಟ್ರ್ಯಾಕಿನ ಹೊರಗೆ ಮಾತ್ರ ಯಾರಿಗೂ ಅದು ಬೇಕಿರಲಿಲ್ಲ. 1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾಗಿದ್ದ ಟಿ.ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರತಜ್ಞರೂ ಇದ್ದರು. ಬೈಕ್ ಸವಾರರ ತಲೆಪೆಟ್ಟಿನ ಬಗ್ಗೆ ಅವರು 1941ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡ ಬದಲಾವಣೆಗೆ ಕಾರಣವಾಯಿತು. ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಅದೇ ವರ್ಷ ಹೆಲ್ಮೆಟ್ ಕಡ್ಡಾಯ ಮಾಡಿತು. ಸೇನೆ ಕೊಟ್ಟ ಹೆಲ್ಮೆಟ್ ಮೇಲೆ ಬೆಂಕಿಯ ಜ್ವಾಲೆ ಬರೆಸೋಕೆ ಆಗುತ್ತಾ? ಅದು ಸಮವಸ್ತ್ರದ ಭಾಗ, ಎಲ್ಲರದ್ದೂ ಒಂದೇ ಥರ.

ಬಣ್ಣದ ಕಥೆ ಶುರುವಾಗೋದು 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಒಂದೇ ಕಾಲಕ್ಕೆ ಎರಡು ಕೆಲಸಗಳು ನಡೆದವು. ಒಂದು, ಚಾರ್ಲ್ಸ್ ಲೊಂಬಾರ್ಡ್ ಮತ್ತು ಜೊತೆಗಾರರು ಪೆಟ್ಟು ಬಿದ್ದಾಗ ತಾನೇ ಜಜ್ಜಿಹೋಗಿ ಹೊಡೆತವನ್ನು ಹೀರಿಕೊಳ್ಳುವ ಒಳಪದರದ ಹೆಲ್ಮೆಟ್‌ಗೆ 1953ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಹೆಲ್ಮೆಟ್ ಒಳಗೆ ಥರ್ಮಾಕೋಲ್ ಥರದ ಪದರ ಇರುತ್ತಲ್ಲ, ಅದರ ಹಿಂದಿನ ಯೋಚನೆ ಇದೇ. 1954ರಲ್ಲಿ ರಾಯ್ ರಿಕ್ಟರ್ ಅವರ ಬೆಲ್ ಕಂಪನಿ ‘500’ ಹೆಸರಿನ ಹೆಲ್ಮೆಟ್ ಮಾರೋಕೆ ಶುರು ಮಾಡಿತು.

ಇನ್ನೊಂದು ಕೆಲಸ ಗ್ಯಾರೇಜುಗಳಲ್ಲಿ ನಡೀತಿತ್ತು. ಹಳೇ ಕಾರು, ಬೈಕುಗಳನ್ನು ಬಿಚ್ಚಿ ಹೊಸ ರೂಪ ಕೊಡುವ ಹುಚ್ಚು ಆ ಊರುಗಳಿಗೆ ಹಿಡಿದಿತ್ತು. ವಾನ್ ಡಚ್ ಅಂತ ಹೆಸರು ಮಾಡಿದ ಕೆನೆತ್ ಹೊವಾರ್ಡ್ ಉದ್ದ ಕೂದಲಿನ ಕುಂಚ ಹಿಡಿದು ಗಾಡಿಗಳ ಮೇಲೆ ಸಣ್ಣ ಗೆರೆಗಳ ಚಿತ್ತಾರ ಎಳೀತಿದ್ದರು. ಹಾಗೆ ನೋಡಿದ್ರೆ ಇದು ನಮ್ಮ ಬೋರ್ಡ್ ಬರೆಯುವವರ ಕೈಚಳಕವೇ. ಟ್ಯಾಂಕಿನ ಮೇಲೆ ಬಂದ ಬಣ್ಣ ಸವಾರನ ತಲೆಗೆ ಹತ್ತೋಕೆ ಎಷ್ಟು ಹೊತ್ತು? 1969ರ ‘ಈಜಿ ರೈಡರ್’ ಸಿನಿಮಾದಲ್ಲಿ ಪೀಟರ್ ಫೋಂಡಾ ಅವರ ಹೆಲ್ಮೆಟ್ ಮೇಲೆ ಅಮೆರಿಕದ ಧ್ವಜದ ನಕ್ಷತ್ರ, ಪಟ್ಟೆಗಳಿದ್ದವು. ಬೈಕಿನ ಟ್ಯಾಂಕಿನ ಮೇಲೂ ಅವೇ.

ರೇಸ್ ಟ್ರ್ಯಾಕಿನಲ್ಲಿ ಚಿತ್ರಕ್ಕೆ ಬೇರೊಂದು ಕೆಲಸವೂ ಇತ್ತು. ಬ್ರಿಟನ್ನಿನ ಕಾರು ರೇಸರ್ ಗ್ರಹಾಂ ಹಿಲ್ ದೋಣಿ ನಡೆಸುವವರ ತಂಡದಲ್ಲಿದ್ದವರು. ತಮ್ಮ ಲಂಡನ್ ರೋಯಿಂಗ್ ಕ್ಲಬ್ಬಿನ ಗುರುತಾಗಿ ಕಡುನೀಲಿ ಹೆಲ್ಮೆಟ್ ಸುತ್ತ ಬಿಳಿ ಹುಟ್ಟುಗಳನ್ನು ಬರೆಸಿಕೊಂಡರು. 1996ರಲ್ಲಿ ಮಗ ಡೇಮನ್ ಹಿಲ್ ವಿಶ್ವ ಚಾಂಪಿಯನ್ ಆದಾಗ ಅವರ ತಲೆಯ ಮೇಲಿದ್ದದ್ದೂ ಅದೇ ಹುಟ್ಟುಗಳು. ಮನೆತನದ ಹೆಸರಿನ ಹಾಗೆ ಒಂದು ಚಿತ್ರ ಅಪ್ಪನಿಂದ ಮಗನಿಗೆ ಬಂತು.

1960ರ ದಶಕದ ಕೊನೆಗೆ ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ ಬಂತು. ಅಲ್ಲಿಗೆ ಮುಖವೇ ಮರೆಯಾಯಿತು. ಮುಖ ಕಾಣದ ಸವಾರನನ್ನು ಜನ ಗುರುತಿಸೋದು ಹೇಗೆ? ಚಿತ್ರದಿಂದ. 1976 ಮತ್ತು 1977ರ 500 ಸಿಸಿ ವಿಶ್ವ ಚಾಂಪಿಯನ್ ಬ್ಯಾರಿ ಶೀನ್ ಹೆಲ್ಮೆಟ್ ಮೇಲೆ ಡೊನಾಲ್ಡ್ ಡಕ್ ಇತ್ತು. ರೇಸ್ ಶುರುವಾಗುವವರೆಗೂ ಸಿಗರೇಟು ಸೇದೋಕೆ ಅಂತ ಗದ್ದದ ಹತ್ತಿರ ಒಂದು ತೂತನ್ನೂ ಕೊರೆಸಿಕೊಂಡಿದ್ದರು! ದಯವಿಟ್ಟು ಅದನ್ನು ಅನುಕರಿಸಬೇಡಿ.

ಈ ಕಲೆಯನ್ನು ಎಲ್ಲಕ್ಕಿಂತ ಹೆಚ್ಚು ಆಟವಾಗಿಸಿದವರು ಇಟಲಿಯ ವ್ಯಾಲೆಂಟಿನೊ ರೊಸ್ಸಿ ಮತ್ತು ಅವರ ವಿನ್ಯಾಸಕಾರ ಆಲ್ಡೊ ಡ್ರೂಡಿ. 2008ರಲ್ಲಿ ಮುಜೆಲ್ಲೊ ರೇಸಿಗೆ ರೊಸ್ಸಿ ಬಂದಾಗ ಹೆಲ್ಮೆಟ್ ನೆತ್ತಿಯ ಮೇಲೆ ಅವರದೇ ಮುಖ ಇತ್ತು, ಕಣ್ಣು ಬಾಯಿ ಅಗಲಿಸಿದ ಗಾಬರಿಯ ಮುಖ. ನೇರ ರಸ್ತೆಯ ಕೊನೆಯಲ್ಲಿ ಜೋರಾಗಿ ಬ್ರೇಕ್ ಹಿಡಿಯುವಾಗ ಹೆಲ್ಮೆಟ್ ಒಳಗೆ ತನ್ನ ಮುಖ ಹೇಗಿರುತ್ತೆ ಅಂತ ತೋರಿಸೋದು ಅವರ ಆಸೆ. ಆ ರೇಸನ್ನೂ ಅವರೇ ಗೆದ್ದರು. ಮುಖ ಮುಚ್ಚಿದ ವಸ್ತುವಿನ ಮೇಲೇ ಮುಖ ವಾಪಸ್ ಬಂತು.

ಈಗ ನನ್ನ ಬಿರುಕಿನ ವಿಷಯ. ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಹೆಲ್ಮೆಟ್ ಮಾನದಂಡ ಪ್ರತಿ ಹೆಲ್ಮೆಟ್ ಜೊತೆ ಒಂದು ಎಚ್ಚರಿಕೆ ಇರಬೇಕು ಅನ್ನುತ್ತೆ. ಅದರ ಸಾರಾಂಶ ಇಷ್ಟು: ಕೆಲವು ಸಾಮಾನ್ಯ ವಸ್ತುಗಳಿಂದ ಹೆಲ್ಮೆಟ್‌ಗೆ ಗಂಭೀರ ಹಾನಿ ಆಗಬಹುದು, ಆ ಹಾನಿ ಕಣ್ಣಿಗೆ ಕಾಣದೆಯೂ ಇರಬಹುದು. ಬಣ್ಣ, ಅಂಟು, ಕ್ಲೀನರ್ ಯಾವುದೇ ಇರಲಿ, ತಯಾರಕರು ಹೇಳಿದ್ದನ್ನೇ ಬಳಸಿ.

ಕಾರಣ ಸರಳ. ಕಡಿಮೆ ಬೆಲೆಯ ಹೆಲ್ಮೆಟ್‌ಗಳ ಚಿಪ್ಪು ಸಾಮಾನ್ಯವಾಗಿ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಅಚ್ಚಿನಲ್ಲಿ ತಣ್ಣಗಾಗುವಾಗ ಅದರೊಳಗೆ ಒಂದು ಎಳೆತ ಉಳಿದುಬಿಡುತ್ತೆ. ಥಿನ್ನರ್ ತಾಗಿದ ಕಡೆ ಆ ಎಳೆತವೇ ಸಣ್ಣ ಸಣ್ಣ ಬಿರುಕು ತೆರೆಯುತ್ತೆ. ಒಳಗಿನ ಪದರದ ಗತಿ ಇನ್ನೂ ಕೆಟ್ಟದು. ಥರ್ಮಾಕೋಲ್ ಮೇಲೆ ಪೆಟ್ರೋಲ್ ಹನಿ ಬಿಟ್ಟು ಕರಗೋದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಚಾಂಪಿಯನ್‌ಗಳ ಹೆಲ್ಮೆಟ್‌ಗಳು ಹೆಚ್ಚಾಗಿ ಫೈಬರ್‌ನವು, ಬಣ್ಣ ಹಚ್ಚುವವರೂ ಒಳಪದರವನ್ನು ಮುಚ್ಚಿಟ್ಟು ಕೆಲಸ ಮಾಡುವ ಅನುಭವಿಗಳು. ನಾವು ಅವರ ಚಿತ್ರವನ್ನಷ್ಟೇ ನಕಲು ಮಾಡಿದೆವು, ಆ ಎಚ್ಚರವನ್ನಲ್ಲ.

ಹಾಗಂತ ಬಣ್ಣವೇ ಬೇಡ ಅನ್ನೋಕೂ ಆಗಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಳಿ ಹೆಲ್ಮೆಟ್‌ನವರಿಗೆ ಅಪಘಾತದ ಗಾಯದ ಅಪಾಯ ಕಪ್ಪು ಹೆಲ್ಮೆಟ್‌ನವರಿಗಿಂತ ಶೇ 24ರಷ್ಟು ಕಡಿಮೆ ಇದ್ದದ್ದನ್ನು ಕಂಡಿತು. ಎದುರಿನವರ ಕಣ್ಣಿಗೆ ಬೀಳೋದೂ ರಕ್ಷಣೆಯೇ. ಅಂದ್ರೆ ನನ್ನ ಕಪ್ಪು ಹೆಲ್ಮೆಟ್‌ಗೆ ಬಣ್ಣ ಬೇಕು ಅನಿಸಿದ್ದು ತಪ್ಪಲ್ಲ, ಥಿನ್ನರ್ ಹಾಕಿ ತಿಕ್ಕಿಸಿದ್ದು ತಪ್ಪು.

ನಮ್ಮಲ್ಲಿ ಹೆಲ್ಮೆಟ್ ಬಂದಿದ್ದು ಹೆಚ್ಚಾಗಿ ಕಾನೂನಿನ ದಾರಿಯಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್, 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ, 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರಾಟಕ್ಕೆ ನಿಷೇಧ. ದಂಡಕ್ಕೆ ಹೆದರಿ ಕೊಂಡ ಹೆಲ್ಮೆಟ್ ಎಷ್ಟೋ ಸಲ ಮೊಣಕೈಯಲ್ಲಿ, ಕನ್ನಡಿಯಲ್ಲಿ ನೇತಾಡುತ್ತೆ. ಅದೇ ಕೆಂಪು-ಹಳದಿ ಪಟ್ಟಿ ಅಂಟಿಸಿದ, ಅಪ್ಪು ಚಿತ್ರ ಇರುವ ಹೆಲ್ಮೆಟ್ ಆದರೆ? ಅದು ‘ನಂದು’ ಅನಿಸುತ್ತೆ. ‘ನಂದು’ ಅನಿಸಿದ್ದನ್ನು ಮನೆಯಲ್ಲಿ ಮರೆತು ಹೋಗೋದು ಕಷ್ಟ.

ಆದ್ದರಿಂದ ಚಿತ್ರ ಬೇಕೆಂದರೆ ಕಂಪನಿಯಲ್ಲೇ ಚಿತ್ರ ಹಾಕಿ ಬಂದದ್ದನ್ನು ಕೊಳ್ಳಿ. ಸ್ಟಿಕ್ಕರ್ ಅಂಟಿಸುವ ಮುಂಚೆ ಹೆಲ್ಮೆಟ್ ಜೊತೆ ಬಂದ ಚೀಟಿ ಓದಿ. ಥಿನ್ನರ್, ಪೆಟ್ರೋಲ್, ಡ್ರಿಲ್ಲಿಂಗ್ ಮಷಿನ್ ಹತ್ತಿರಕ್ಕೂ ತರಬೇಡಿ.

ನನ್ನ ಜ್ವಾಲೆಯ ಹೆಲ್ಮೆಟ್ ಈಗಲೂ ಅಟ್ಟದ ಮೇಲಿದೆ. ಅಮ್ಮ ಅದರಲ್ಲಿ ಹಳೇ ಬಲ್ಬುಗಳನ್ನು ಇಟ್ಟಿದ್ದಾರೆ. ನಿಮ್ಮ ಹೆಲ್ಮೆಟ್ ಮೇಲೆ ಏನಿದೆ? ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗೋಣ.