ಹುಡುಗನ ಅಳತೆಯ ಕೋವಿ

ಹದಿಮೂರರ ಆಸುಪಾಸಿನ ಥಿಯೋಡರ್ ರೂಸ್‌ವೆಲ್ಟ್‌ಗೆ ಮೊದಲ ಕೋವಿ ಸಿಕ್ಕಿದ್ದೇ ವಿಚಿತ್ರವಾದ ಸಂಕಟವೊಂದು ಶುರುವಾಯಿತು. ಜೊತೆಗಾರರು ಅಗೋ ಅಲ್ಲಿ, ಇಗೋ ಇಲ್ಲಿ ಎಂದು ಈಡು ಹೊಡೆಯುತ್ತಿದ್ದರು. ಇವನಿಗೆ ಹೊಡೆಯಬೇಕಾದದ್ದೇ ಕಾಣುತ್ತಿರಲಿಲ್ಲ. ಒಂದು ದಿನ ಗೆಳೆಯರು ದೂರದ ಫಲಕದ ಮೇಲಿದ್ದ ದೊಡ್ಡಕ್ಷರದ ಜಾಹೀರಾತನ್ನು ಗಟ್ಟಿಯಾಗಿ ಓದಿದರು. ಓದುವುದು ಹಾಗಿರಲಿ, ಅಲ್ಲಿ ಅಕ್ಷರಗಳಿವೆ ಎಂಬುದೇ ಇವನಿಗೆ ತಿಳಿಯಲಿಲ್ಲ. ಅಪ್ಪನಿಗೆ ವಿಷಯ ಹೋಯಿತು, ಕನ್ನಡಕ ಬಂತು, ಲೋಕ ಇಷ್ಟು ಚೆಂದವಿದೆಯೇ ಎಂದು ಹುಡುಗ ಬೆರಗಾದ. ಮುಂದೆ ಅಮೆರಿಕದ ಅಧ್ಯಕ್ಷನೂ ಹೆಸರಾಂತ ಬೇಟೆಗಾರನೂ ಆದ ಆತ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ನಗುತ್ತಲೇ ಬರೆದುಕೊಂಡಿದ್ದಾನೆ. ಆ ಫ್ರೆಂಚ್ ಜೋಡುನಳಿಗೆ ಕೋವಿ ಮರೆಗುಳಿ ಹುಡುಗನಿಗೆ ಹೇಳಿ ಮಾಡಿಸಿದಂತಿತ್ತಂತೆ. ತುಕ್ಕು ಹಿಡಿದು ಬಾಯಿ ಬಿಡದಿದ್ದರೆ ಇಟ್ಟಿಗೆಯಲ್ಲಿ ಕುಟ್ಟಿ ತೆರೆದರೂ ಅದಕ್ಕೇನೂ ಆಗುತ್ತಿರಲಿಲ್ಲ!

ಮಗುವಿಗೆ ಮೊದಲ ಕೋವಿ ಯಾವುದು ಎಂಬ ಪ್ರಶ್ನೆ ಅಮೆರಿಕದ ಹಳ್ಳಿಗಾಡಿನಲ್ಲಿ ಇವತ್ತಿಗೂ ಹಳತಾಗಿಲ್ಲ. ಅದರಲ್ಲೂ ಜಿಂಕೆ ಬೇಟೆಯ ಕೋವಿ ಎಂದರೆ ಮನೆಮಂದಿಯೆಲ್ಲ ಕೂತು ಚರ್ಚಿಸುವ ಸಂಗತಿ. ಪೆನ್ಸಿಲ್ವೇನಿಯಾದಲ್ಲಿ 1963ರಿಂದ 2018ರವರೆಗೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುಸೋಮವಾರ ರೈಫಲ್ ಬೇಟೆಯ ಮೊದಲ ದಿನವಾಗಿತ್ತು. ಅಂದು ಎಷ್ಟೋ ಶಾಲೆಗಳಿಗೆ ರಜೆ. ಮಕ್ಕಳು ಹೇಗೂ ಬರುವುದಿಲ್ಲ, ಮೇಷ್ಟ್ರುಗಳೂ ಕಾಡಿನಲ್ಲಿರುತ್ತಾರೆ.

ಮಗುವಿನ ಕೈಗೆ ಕೋವಿ ಕೊಡುವ ಪದ್ಧತಿಯ ಬೇರು ಗಡಿನಾಡಿನ ವಲಸಿಗರ ಕಾಲಕ್ಕೆ ಹೋಗುತ್ತದೆ. ಪಶ್ಚಿಮ ವರ್ಜೀನಿಯಾ ಮತ್ತು ಪೆನ್ಸಿಲ್ವೇನಿಯಾದ ಹಳೆಯ ಬದುಕನ್ನು ಕುರಿತು ಜೋಸೆಫ್ ಡಾಡ್ರಿಜ್ ಎಂಬ ಪಾದ್ರಿ 1824ರಲ್ಲಿ ಒಂದು ಪುಸ್ತಕ ಬರೆದ. ಹನ್ನೆರಡು ಹದಿಮೂರು ವರ್ಷದ ಹುಡುಗ ಮೈಕಟ್ಟು ಬೆಳೆಸಿಕೊಂಡಿದ್ದರೆ ಅವನ ಕೈಗೊಂದು ಸಣ್ಣ ರೈಫಲನ್ನೂ ಗುಂಡಿನ ಚೀಲವನ್ನೂ ಕೊಡುತ್ತಿದ್ದರು ಎಂದು ಅದರಲ್ಲಿದೆ. ಕೋವಿ ಸಿಕ್ಕಿತೆಂದರೆ ಅವನು ವಲಸಿಗರ ಕೋಟೆಯ ಸಿಪಾಯಿ. ಗೋಡೆಯಲ್ಲಿ ಈಡು ಹೊಡೆಯುವ ಕಂಡಿಯೊಂದು ಅವನ ಪಾಲಿಗೆ. ಅಳಿಲು, ಟರ್ಕಿ ಕೋಳಿ, ರಕೂನ್‌ಗಳ ಮೇಲೆ ಗುರಿ ಪಳಗಿಸಿಕೊಂಡೇ ಅವನು ದೊಡ್ಡ ಬೇಟೆಗೆ ಹೋಗಬೇಕು. ಅಂದರೆ ಜಿಂಕೆ ಮೊದಲ ಮೆಟ್ಟಿಲಲ್ಲ.

ಡಾಡ್ರಿಜ್ ಹೇಳಿದ ‘ಸಣ್ಣ’ ಎಂಬ ಮಾತು ಗಮನಿಸಬೇಕಾದದ್ದು. ಲ್ಯಾಂಕಾಸ್ಟರಿನ ಜರ್ಮನ್ ಮೂಲದ ಕಮ್ಮಾರರು ಮಾಡುತ್ತಿದ್ದ ಉದ್ದನಳಿಗೆಯ ರೈಫಲ್ ಹತ್ತಿರಹತ್ತಿರ ಐದಡಿ ಇರುತ್ತಿತ್ತು, ಹುಡುಗನ ಎತ್ತರಕ್ಕೆ ಸಮ. ಆದರೆ ಅದು ಕೈಕೆಲಸದ ಕಾಲ. ದರ್ಜಿ ಅಂಗಿ ಹೊಲಿದ ಹಾಗೆ ಕಮ್ಮಾರ ಕೋವಿಯನ್ನೂ ತೋಳಿನ ಅಳತೆಗೆ ಮಾಡಿಕೊಡಬಲ್ಲವನಾಗಿದ್ದ. ಕಾರ್ಖಾನೆಗಳು ಬಂದ ಮೇಲೆ ಈ ಸವಲತ್ತು ಹೋಯಿತು. ಕೋವಿ ಒಂದೇ ಅಳತೆಯಲ್ಲಿ ಬರತೊಡಗಿತು. ಬೆಳೆಯುವ ಕೆಲಸ ಹುಡುಗನದಾಯಿತು.

ಹುಡುಗರೂ ಗಿರಾಕಿಗಳೇ ಎಂಬುದು ಕಾರ್ಖಾನೆಯವರಿಗೆ ಹೊಳೆಯಲು ತಡವಾಗಲಿಲ್ಲ. ಮಿಷಿಗನ್ನಿನ ಪ್ಲಿಮತ್ ಊರಿನಲ್ಲಿ ಗಾಳಿಯಂತ್ರ ಮಾರುವ ಕಂಪನಿಯೊಂದಿತ್ತು. 1880ರ ದಶಕದಲ್ಲಿ ಅದು ಯಂತ್ರ ಕೊಂಡ ರೈತರಿಗೆ ಲೋಹದ ಪುಟ್ಟ ಗಾಳಿಕೋವಿಯನ್ನು ಕೊಡುಗೆಯಾಗಿ ಕೊಡತೊಡಗಿತು. ಕೊಡುಗೆಗೆ ಬಂದ ಬೇಡಿಕೆ ಯಂತ್ರಕ್ಕೆ ಬರಲಿಲ್ಲ. 1895ರಲ್ಲಿ ಕಂಪನಿ ಗಾಳಿಯಂತ್ರದ ಹೆಸರನ್ನೇ ಬಿಟ್ಟು ಕೋವಿಯ ಹೆಸರಾದ ‘ಡೇಸಿ’ಯನ್ನು ಇಟ್ಟುಕೊಂಡಿತು. ಮ್ಯಾಸಚೂಸೆಟ್ಸಿನ ಸ್ಟೀವನ್ಸ್ ಕಂಪನಿ ಒಂದೊಂದೇ ತೋಟೆ ತುಂಬುವ ಹಗುರ ರೈಫಲ್‌ಗಳನ್ನು ಹುಡುಗರಿಗೆಂದೇ ಮಾರಿತು. ವಿಂಚೆಸ್ಟರ್ ಕಂಪನಿ 1917ರಲ್ಲಿ ಕಿರಿಯರ ರೈಫಲ್ ಸಂಘವನ್ನೇ ಕಟ್ಟಿತು. ಇವು ಯಾವುವೂ ಜಿಂಕೆ ಹೊಡೆಯುವ ಕೋವಿಗಳಲ್ಲ. .22 ತೋಟೆಯ ಪೆಟ್ಟು ಅಳಿಲಿಗೆ, ಮೊಲಕ್ಕೆ ಸಾಕು. ಜಿಂಕೆಗೆ ಬಿದ್ದರೆ ಅದು ಗಾಯಗೊಂಡು ಓಡಿ ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ಬಹುಪಾಲು ರಾಜ್ಯಗಳ ಕಾನೂನು ಅದನ್ನು ಜಿಂಕೆ ಬೇಟೆಗೆ ಒಪ್ಪುವುದಿಲ್ಲ.

ಹೊಡೆಯಲು ಜಿಂಕೆಗಳಾದರೂ ಎಲ್ಲಿದ್ದವು? ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಸಿಕ್ಕಿ 1900ರ ವೇಳೆಗೆ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಐದು ಲಕ್ಷವೂ ಉಳಿದಿರಲಿಲ್ಲವೆಂದು ಅಂದಾಜು. ಒಹಾಯೋದಂಥ ರಾಜ್ಯದಲ್ಲಿ ಅವುಗಳ ಸುಳಿವೇ ಇರಲಿಲ್ಲ. ಅಪ್ಪ ಜಿಂಕೆ ಕಂಡಿಲ್ಲ, ಮಗ ಕೋವಿ ಹಿಡಿದು ಏನು ಮಾಡಬೇಕು? ಕಳ್ಳಬೇಟೆಯ ಸಾಗಣೆಗೆ 1900ರ ಲೇಸಿ ಕಾಯ್ದೆ ಕಡಿವಾಣ ಹಾಕಿತು. ಬೇಟೆಗೆ ಋತು, ಪರವಾನಗಿ, ಮಿತಿ ಬಂದವು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಿಂದ ರೈಫಲ್ ಮತ್ತು ತೋಟೆಗಳ ಮೇಲಿನ ತೆರಿಗೆ ಕಾಡುಪ್ರಾಣಿಗಳ ಪೋಷಣೆಗೆ ಹರಿಯತೊಡಗಿತು. ಈಗ ಜಿಂಕೆಗಳ ಸಂಖ್ಯೆ ಮೂರು ಕೋಟಿಯ ಆಸುಪಾಸು.

ಜಿಂಕೆ ಮರಳಿ ಬರುವಷ್ಟರಲ್ಲಿ ಅಟ್ಟದ ಮೇಲಿಂದ ಇಳಿದದ್ದು ಅಜ್ಜನ ವಿಂಚೆಸ್ಟರ್ 94. ಜಾನ್ ಬ್ರೌನಿಂಗ್ ರೂಪಿಸಿದ ಈ ಲಿವರ್ ರೈಫಲ್‌ಗೆ 1895ರಲ್ಲಿ .30-30 ತೋಟೆ ಬಂದಿತ್ತು. ಸುಮಾರು ಮೂರು ಕಿಲೋ ತೂಕ, ಮೊಟಕು ಮೈ, ಸಾಧಾರಣ ಒದೆತ. ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾದ ಇದು ಎಷ್ಟೋ ಮನೆಗಳಲ್ಲಿ ಮೂರು ತಲೆಮಾರಿನ ಮೊದಲ ಕೋವಿ. ಅಸಲಿಗೆ ಇದನ್ನು ಮೊಟಕಾಗಿ ಮಾಡಿದ್ದು ಮಕ್ಕಳಿಗಾಗಿ ಅಲ್ಲ, ಕುದುರೆಯ ಜೀನಿನ ಪಕ್ಕದ ಚೀಲದಲ್ಲಿ ಕೂರಲಿ ಎಂದು. ಕುದುರೆ ಸವಾರನಿಗೆ ಮಾಡಿದ ಅನುಕೂಲ ಅವನ ಮೊಮ್ಮಗನಿಗೆ ಒದಗಿತು.

ಅದೂ ಉದ್ದವಾಯಿತೇ? ಗರಗಸ ಇದ್ದೇ ಇದೆ. ಟ್ರಿಗರ್‌ನಿಂದ ಭುಜಕ್ಕೆ ಒತ್ತಿಕೊಳ್ಳುವ ಮರದ ತುದಿಯವರೆಗಿನ ಅಳತೆ ದೊಡ್ಡವರಿಗೆ ಸುಮಾರು ಹದಿಮೂರೂವರೆ ಇಂಚು. ಮಗುವಿಗೆ ಹನ್ನೆರಡೋ ಅದಕ್ಕೂ ಕಡಿಮೆಯೋ ಸಾಕು. ಅಳತೆ ತಪ್ಪಿದರೆ ಮಗು ಕುತ್ತಿಗೆ ಚಾಚಿ, ಸೊಂಟ ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ಒದೆತ ಭುಜದ ಬದಲು ಕೆನ್ನೆಗೆ ಬೀಳುತ್ತದೆ. ಅದಕ್ಕೇ ಅಪ್ಪಂದಿರು ಹಿಂಬದಿಯ ಮರವನ್ನು ಒಂದೆರಡು ಇಂಚು ಕೊಯ್ಯುತ್ತಿದ್ದರು. ಜಾಣರು ಕೊಯ್ದ ತುಂಡನ್ನು ಎತ್ತಿಡುತ್ತಿದ್ದರು, ಹುಡುಗ ಬೆಳೆದ ಮೇಲೆ ಮತ್ತೆ ಜೋಡಿಸಬಹುದಲ್ಲ.

ಮರವನ್ನು ಕೊಯ್ಯಬಹುದು, ಒದೆತವನ್ನು ಕೊಯ್ಯಲಾಗದು. ಎರಡನೇ ಮಹಾಯುದ್ಧದಿಂದ ಮರಳಿದ ಅಪ್ಪಂದಿರಿಗೆ ಸೈನ್ಯದ .30-06 ತೋಟೆಯೆಂದರೆ ಅಭಿಮಾನ. ಅದನ್ನೇ ಮಗನ ಕೈಗೂ ಕೊಟ್ಟವರಿದ್ದರು. ಎರಡು ಸಲ ಒದೆಸಿಕೊಂಡ ಮಗು ಮೂರನೇ ಈಡಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಜಗ್ಗುತ್ತದೆ. ಹೀಗೆ ಬೆಚ್ಚುವ ಚಾಳಿ ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ. ಇನ್ನು ಒಹಾಯೋ, ಇಲಿನಾಯ್‌ಗಳಂಥ ಜನ ದಟ್ಟವಾದ ಬಯಲುಸೀಮೆಯಲ್ಲಿ ರೈಫಲ್ ಗುಂಡು ಬಹುದೂರ ಹಾರುತ್ತದೆಂದು ಜಿಂಕೆ ಬೇಟೆಗೆ ಅದನ್ನು ನಿಷೇಧಿಸಿ, ಚರೆಕೋವಿಯಲ್ಲಿ ಒಂಟಿ ಗುಂಡು ಹಾಕಿ ಹೊಡೆಯಬೇಕೆಂದು ಕಾನೂನು ಮಾಡಿದ್ದರು. ಹಗುರವಾದ 20 ಗೇಜಿನ ಒಂಟಿನಳಿಗೆ ಕೋವಿ ಅಗ್ಗ, ಹಾಗಾಗಿ ಮಕ್ಕಳಿಗೆ ಅದೇ. ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ. ನೆರೆಹೊರೆಯವರ ಸುರಕ್ಷತೆಗೆಂದು ಮಾಡಿದ ಕಾನೂನಿನ ಪೆಟ್ಟು ಮಗುವಿನ ಭುಜಕ್ಕೆ ಬಿತ್ತು. ಒಹಾಯೋ 2014ರಲ್ಲಷ್ಟೇ ಕೆಲವು ಬಗೆಯ ರೈಫಲ್ ತೋಟೆಗಳಿಗೆ ಬಾಗಿಲು ತೆರೆಯಿತು.

ಈ ಕಥೆಯ ತಿರುವು 1955. ಆ ವರ್ಷ ಎರಡು ಕಂಪನಿಗಳು ಒಂದೇ ಅಳತೆಯ ಗುಂಡಿನ ಎರಡು ತೋಟೆಗಳನ್ನು ಮಾರುಕಟ್ಟೆಗೆ ತಂದವು. ವಿಂಚೆಸ್ಟರ್‌ನದು .243, ರೆಮಿಂಗ್ಟನ್‌ನದು .244. ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನೂ ಇರಲಿಲ್ಲ. ಇದ್ದದ್ದು ನಳಿಗೆಯ ಒಳಗಿನ ಸುರುಳಿಗೆರೆಗಳಲ್ಲಿ. ವಿಂಚೆಸ್ಟರ್ ರೈಫಲಿನಲ್ಲಿ ಗೆರೆ ಹತ್ತು ಇಂಚಿಗೊಂದು ಸುತ್ತು ಸುತ್ತುತ್ತಿತ್ತು. ಹಾಗಾಗಿ ಜಿಂಕೆಗೆ ಬೇಕಾದ 100 ಗ್ರೇನ್ ತೂಕದ ಗುಂಡು ನೆಟ್ಟಗೆ ಹೋಗುತ್ತಿತ್ತು. ಈ ತೋಟೆಯನ್ನು ಕೊಳ್ಳುವವರು ನರಿ, ಹೆಗ್ಗಣಗಳನ್ನಷ್ಟೇ ಹೊಡೆಯುತ್ತಾರೆಂದು ಲೆಕ್ಕ ಹಾಕಿದ್ದ ರೆಮಿಂಗ್ಟನ್, ಹನ್ನೆರಡು ಇಂಚಿಗೊಂದು ಸುತ್ತು ಕೊಟ್ಟು ಗುಂಡಿನ ತೂಕವನ್ನು 90 ಗ್ರೇನಿಗೆ ನಿಲ್ಲಿಸಿತು. ಕೊಳ್ಳುವ ಅಪ್ಪನ ಲೆಕ್ಕವೇ ಬೇರೆ: ಬೇಸಿಗೆಯಲ್ಲಿ ಹೆಗ್ಗಣ, ನವೆಂಬರಿನಲ್ಲಿ ಜಿಂಕೆ, ಕೋವಿ ಒಂದೇ. .30-06ರ ಸುಮಾರು ಅರ್ಧದಷ್ಟೇ ಒದೆಯುವ .243 ಗೆದ್ದಿತು. ರೆಮಿಂಗ್ಟನ್ 1963ರಲ್ಲಿ ತಪ್ಪು ತಿದ್ದಿಕೊಂಡು, ಹೆಸರನ್ನೂ ಬದಲಿಸಿ ಬಂದರೂ ಕಾಲ ಮಿಂಚಿತ್ತು. ಎರಡಿಂಚಿನ ಲೆಕ್ಕದಲ್ಲಿ ಕಳೆದುಹೋದ ಇಂಥ ಮಾರುಕಟ್ಟೆ ಅಪರೂಪ. ಮಗುವಿಗೆ ಮೊದಲ ಜಿಂಕೆ ರೈಫಲ್ ಎಂದರೆ ಅಮೆರಿಕದ ಅಂಗಡಿಗಳಲ್ಲಿ ಮೊದಲು ಬರುವ ಹೆಸರುಗಳಲ್ಲಿ .243 ಇಂದಿಗೂ ಒಂದು.

ಬೇಟೆಯ ಶಿಕ್ಷಣ ಇದರ ಜೊತೆಜೊತೆಗೇ ಬೆಳೆಯಿತು. ಹದಿಹರೆಯದ ಬೇಟೆಗಾರರು ತರಗತಿಯಲ್ಲಿ ಕಲಿತೇ ಪರವಾನಗಿ ಪಡೆಯಬೇಕೆಂದು 1949ರಲ್ಲಿ ನ್ಯೂಯಾರ್ಕ್ ರಾಜ್ಯ ಕಡ್ಡಾಯ ಮಾಡಿತು. ಅದಕ್ಕೆ ಮೊದಲು ಅಪ್ಪ ಹೇಳಿದ್ದೇ ಪಾಠ, ಅವನು ತಪ್ಪು ಹೇಳಿದರೂ ಅದೇ.

ಮಾರುಕಟ್ಟೆಗೆ ಮಾತ್ರ ಮಗುವಿಗೆ ಹನ್ನೆರಡು ವರ್ಷ ತುಂಬುವವರೆಗೆ ಕಾಯುವ ವ್ಯವಧಾನ ಇರಲಿಲ್ಲ. 1996ರಲ್ಲಿ ಹುಟ್ಟಿದ ಪೆನ್ಸಿಲ್ವೇನಿಯಾದ ಕಂಪನಿಯೊಂದು ‘ಕ್ರಿಕೆಟ್’ ಎಂಬ ಪುಟಾಣಿ .22 ರೈಫಲನ್ನು ‘ನನ್ನ ಮೊದಲ ರೈಫಲ್’ ಎಂದು ಮಾರಿತು. ನೀಲಿ, ಗುಲಾಬಿ ಬಣ್ಣಗಳಲ್ಲೂ ಸಿಗುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಕೆಂಟಕಿಯ ಮನೆಯೊಂದರ ಮೂಲೆಯಲ್ಲಿದ್ದ ಅಂಥದೊಂದು ರೈಫಲಿನಿಂದ ಐದು ವರ್ಷದ ಹುಡುಗನ ಕೈಯಲ್ಲಿ ಈಡು ಹಾರಿ ಎರಡು ವರ್ಷದ ತಂಗಿ ಸತ್ತಳು. ಒಳಗೊಂದು ತೋಟೆ ಉಳಿದಿದ್ದು ಮನೆಯವರಿಗೆ ತಿಳಿದಿರಲಿಲ್ಲ. ಕೋವಿ ಮಗುವಿನ ಅಳತೆಗೆ ಸರಿಯಾಗಿಯೇ ಇತ್ತು. ಇಂಚಿನಲ್ಲಿ ಅಳೆಯಲಾಗದ ಇನ್ನೊಂದು ಅಳತೆ ಇದೆಯೆಂಬುದನ್ನು ಡಾಡ್ರಿಜ್‌ನ ಕಾಲದ ಕೋಟೆಯವರು ಬಲ್ಲವರಾಗಿದ್ದರು.

ಕೋವಿಯೂ ಬಾಲ್ಯವೂ ಹೀಗೆ ಹೆಣೆದುಕೊಂಡ ಸೀಮೆ ನಮ್ಮಲ್ಲೂ ಇದೆ. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು ಹಾರಿಸಿ, ಹರಳುಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲನ್ನು ಕೂಸಿನ ಕೈಗಿಡುವ ಸಂಪ್ರದಾಯ ಹಳೆಯದು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಅವರಿಗೆ 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಜಿಂಕೆಗೆ ಗುರಿಯಿಡುವಂತಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಏರಿಸಿಕೊಂಡ ಕೋವಿ ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತದೆ.

ಅಮೆರಿಕದ ಕಾನೂನು ಇದಕ್ಕೆ ತದ್ವಿರುದ್ಧ ದಿಕ್ಕಿಗೆ ನಡೆದಿದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿರಿಯರ ಜೊತೆ ಬೇಟೆಗೆ ಹೋಗುವ ಮಗುವಿಗೆ ಹತ್ತು ವರ್ಷ ತುಂಬಿರಬೇಕಿತ್ತು. ಇಬ್ಬರ ನಡುವೆ ಒಂದೇ ಕೋವಿ ಇರಬೇಕಿತ್ತು. 2017ರ ನವೆಂಬರಿನಲ್ಲಿ, ಜಿಂಕೆ ಋತು ಶುರುವಾಗುವ ಹೊತ್ತಿಗೆ, ಎರಡೂ ಷರತ್ತುಗಳನ್ನು ತೆಗೆದುಹಾಕಿದರು. ಈಗ ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ, ಮಗುವಿಗೊಂದು ಹಿರಿಯರಿಗೊಂದು ಕೋವಿ ಇರಬಹುದು. ಉಳಿಸಿಕೊಂಡ ಷರತ್ತು ಒಂದು: ಹಿರಿಯರು ಮಗುವಿನಿಂದ ಕೈಗೆಟುಕುವಷ್ಟು ದೂರದಲ್ಲೇ ಇರಬೇಕು.